ಕೊಬ್ಬರಿ ಮೇಲಿನ ಬೂಷ್ಟು ಯಾವುದು?

ಪ್ರಶ್ನೆ: ಮಳೆಗಾಲದಲ್ಲಿ ಮನೆಯ ಕೊಬ್ಬರಿಗೆ ಹಳದಿ ಹಸಿರು ಬೂಷ್ಟು ಬಂತು. ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬರೀ ಎಳೆಗಳು. ತಳಿ ಗುರುತಿಸೋದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ

ಉತ್ತರ: ಎಳೆ ನೋಡಿದರೆ ಜಾಸ್ತಿ ಗೊತ್ತಾಗಲ್ಲ, ಬೀಜಕ (ಬೂಷ್ಟು ಹರಡಿಸುವ ಪುಡಿಯಂಥ ಕಣ, ಸ್ಪೋರ್) ಹೊತ್ತ ತುದಿ ಹುಡುಕಿ. ಮಾಸ್ಕ್ ಹಾಕಿಕೊಂಡು, ಪಾರದರ್ಶಕ ಅಂಟುಟೇಪನ್ನು ಬೂಷ್ಟಿನ ಅಂಚಿಗೆ ಮೆಲ್ಲಗೆ ಒತ್ತಿ (ನಡುವೆ ಒತ್ತಿದರೆ ಬರೀ ಉದುರಿದ ಬೀಜಕಗಳೇ ಬರುತ್ತವೆ), ಸ್ಲೈಡಿನ ಮೇಲೆ ಒಂದು ಹನಿ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ (ಬೂಷ್ಟಿಗೆ ನೀಲಿ ಬಣ್ಣ ಹಿಡಿಸುವ ದ್ರಾವಣ) ಹಾಕಿ ಅದರ ಮೇಲೆ ಅಂಟಿಸಿ, 40ಎಕ್ಸ್ ಲೆನ್ಸಿನಲ್ಲಿ ನೋಡಿ. ಉದ್ದನೆಯ ಕಡ್ಡಿಯ ತುದಿ ದುಂಡಗೆ ಉಬ್ಬಿ, ಅದರ ಮೇಲೆಲ್ಲ ಬೀಜಕಗಳ ಸಾಲು ಇದ್ದರೆ ಆಸ್ಪರ್ಜಿಲಸ್. ಉಬ್ಬು ಇಲ್ಲದೆ ಕುಂಚದ ಹಾಗೆ ಕವಲೊಡೆದಿದ್ದರೆ ಪೆನಿಸಿಲಿಯಂ. ಬೀಜಕಗಳು ಚೀಲದೊಳಗಿದ್ದು, ಬುಡದಲ್ಲಿ ಬೇರಿನಂಥ ಎಳೆಗಳಿದ್ದರೆ ರೈಜೋಪಸ್.

ಇಷ್ಟಕ್ಕೆ ಸಿಗೋದು ಕುಲ (ಜೀನಸ್, ಅಂದರೆ ಹತ್ತಿರದ ಜಾತಿಗಳ ಗುಂಪು) ಮಾತ್ರ. ನಿಮ್ಮದು ಬಹುಶಃ ಆಸ್ಪರ್ಜಿಲಸ್ ಫ್ಲೇವಸ್, ಆ ಬಣ್ಣ ಅದರದ್ದೇ. ಆದರೆ ಅದರಲ್ಲಿ ಕೆಲವು ತಳಿ ಅಫ್ಲಾಟಾಕ್ಸಿನ್ ವಿಷ ಮಾಡುತ್ತವೆ, ಕೆಲವು ಮಾಡಲ್ಲ, ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತಳಿ ತಿಳಿಯಲು ಡಿಎನ್‌ಎ ಪರೀಕ್ಷೆಯೇ ಬೇಕು, ವಿಷ ಇದೆಯಾ ಅಂತ ನೋಡಲು ರಾಸಾಯನಿಕ ಪರೀಕ್ಷೆ. ಆ ಕೊಬ್ಬರಿಯನ್ನು ಒರೆಸಿ ಗಾಣಕ್ಕೆ ಮಾತ್ರ ಕೊಡಬೇಡಿ, ಎಸೆದುಬಿಡಿ.