ತಂಡದ ಗೆಳೆಯನ ನುಡಿನಮನ: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ನ್ಯೂಜೆರ್ಸಿಯ ಹವ್ಯಾಸಿ ಬೇಸ್‌ಬಾಲ್ ಲೀಗಿನಲ್ಲಿ ನಿಮ್ಮೊಂದಿಗೆ ಹಲವು ವರ್ಷ ಆಡಿ, ಕಳೆದ ಚಳಿಗಾಲದಲ್ಲಿ ತೀರಿಕೊಂಡ ನಿಮ್ಮ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವರು) ಕುರಿತು ನೀವು ಕಳುಹಿಸಿದ ನುಡಿನಮನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಪ್ರಕಟವಾಗಲೇಬೇಕಾದ ಬರಹವೊಂದು ಅದರೊಳಗಿದೆ ಎಂದು ನನಗೆ ಅನ್ನಿಸಿರುವುದರಿಂದ, ಒಂದು ಸಾಲಿನ ವಿಷಾದಪತ್ರಕ್ಕೆ ಬದಲಾಗಿ ಈ ದೀರ್ಘ ಉತ್ತರವನ್ನು ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪುಟದಲ್ಲಿ ಅವರು ಸ್ನೇಹಜೀವಿ, ಹೃದಯವಂತ, ಅಜಾತಶತ್ರು, ಸದಾ ಹಸನ್ಮುಖಿ. ಈ ಮಾತುಗಳು ನಿಜವೇ ಇರಬೇಕು. ಆದರೆ ಯಾರು ತೀರಿಕೊಂಡರೂ ಶ್ರದ್ಧಾಂಜಲಿ ಸಭೆಗಳಲ್ಲಿ ಕೇಳಿಬರುವುದು ಇವೇ ಮಾತುಗಳು. ಅವರನ್ನು ಎಂದೂ ಕಾಣದ ಓದುಗನ ಕಣ್ಣೆದುರು ಇವುಗಳಿಂದ ಯಾವ ಮುಖವೂ ಮೂಡುವುದಿಲ್ಲ.

ಮುಖ ಮೂಡುವುದು ಆರನೆಯ ಪುಟದಲ್ಲಿ, ನೀವು ಅವಸರದಲ್ಲಿ ದಾಟಿಹೋದ ಎರಡು ವಾಕ್ಯಗಳಲ್ಲಿ. ಕೊನೆಯ ಋತುವಿನಲ್ಲಿ ಅವರ ತೋಳು ಸೋತು, ಎರಡನೆಯ ಬೇಸಿಗೆ (ಬೇಸ್ ಎಂದರೆ ಓಟಗಾರ ಮುಟ್ಟುತ್ತಾ ಸಾಗಬೇಕಾದ ನೆಲೆ) ಎಸೆದ ಚೆಂಡು ದಾರಿಯಲ್ಲೇ ನೆಲಕ್ಕೆ ಬಿದ್ದು ಪುಟಿದು ಬರುತ್ತಿತ್ತು. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ಕಾಯುವ ಶಾರ್ಟ್‌ಸ್ಟಾಪ್ ಆಗಿದ್ದ ನೀವು ಯಾರಿಗೂ ಹೇಳದೆ, ಬೇಸಿನಿಂದ ತುಸು ಮುಂದೆ ಬಂದು ಆ ಪುಟಿತವನ್ನೇ ಹಿಡಿಯುವುದನ್ನು ರೂಢಿ ಮಾಡಿಕೊಂಡಿರಿ. ನಿಮ್ಮ ಲೇಖನ ಇಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಬೇಸಿನಿಂದ ಎರಡನೆಯದಕ್ಕೆ ಇರುವುದು 90 ಅಡಿ. ಬ್ಯಾಟರ್ ಹೊಡೆತಕ್ಕೆ ಕಾಯದೆ ಓಟಗಾರ ಅದನ್ನು ಓಡಿ ಮುಗಿಸುವ, ಅಂದರೆ ಬೇಸ್ ಕದಿಯುವ ಮುನ್ನ ಕ್ಯಾಚರ್ ಕುಕ್ಕರಗಾಲಿನಿಂದ ಎದ್ದು 127 ಅಡಿಗೂ ಮಿಕ್ಕ ದೂರಕ್ಕೆ ಚೆಂಡನ್ನು ಎಸೆಯಬೇಕು. ಒಂಬತ್ತು ಇನ್ನಿಂಗ್ಸಿನ ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಎಸೆತಗಳನ್ನು ಕುಕ್ಕರಗಾಲಿನಲ್ಲೇ ಹಿಡಿಯುವ, ಐವತ್ತು ದಾಟಿದ ಒಬ್ಬ ಮನುಷ್ಯನಿಗೆ ಆ ದೂರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋದದ್ದನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಬೇರೆ ಇಲ್ಲ. ನೀವು ಮುಂದೆ ಬಂದು ನಿಲ್ಲುತ್ತಿದ್ದುದು ಅವರಿಗೆ ತಿಳಿದಿತ್ತೇ? ಎದುರಾಳಿಗಳು ಇದನ್ನು ಗುರುತಿಸಿ ಹೆಚ್ಚು ಹೆಚ್ಚು ಬೇಸ್ ಕದಿಯತೊಡಗಿದಾಗ, ಮೊದಲ ಬೇಸಿಗೆ ಹೋಗಿ ಆಡಿ ಎಂದು ತಂಡದಲ್ಲಿ ಯಾರಾದರೂ ಅವರಿಗೆ ಹೇಳಿದರೇ? ಅವರು ಏನೆಂದರು? ಇವುಗಳಿಗೆ ಉತ್ತರ ಬರೆದರೆ, ಹೃದಯವಂತ ಎಂಬ ಪದವನ್ನು ನೀವು ಬಳಸಬೇಕಾದ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ತಂಡದ ಸ್ಕೋರ್ ಪುಸ್ತಕಗಳು ಯಾರ ಬಳಿಯಾದರೂ ಉಳಿದಿದ್ದರೆ ದಯವಿಟ್ಟು ತರಿಸಿಕೊಂಡು ಓದಿ. ಬೇಸ್‌ಬಾಲಿನ ದಾಖಲೆಯಲ್ಲಿ ಪ್ರತಿಯೊಂದು ಸ್ಥಾನಕ್ಕೂ ಒಂದು ಸಂಖ್ಯೆಯಿದೆ, ಕ್ಯಾಚರ್ 2, ಶಾರ್ಟ್‌ಸ್ಟಾಪ್ 6. ಕದಿಯಲು ಹೊರಟ ಓಟಗಾರ ಕ್ಯಾಚರ್ ಎಸೆತಕ್ಕೆ ಶಾರ್ಟ್‌ಸ್ಟಾಪ್ ಕೈಯಲ್ಲಿ ಔಟಾದರೆ 2-6 ಎಂದು ಬರೆಯುತ್ತಾರೆ. ನೀವಿಬ್ಬರೂ ಸೇರಿ ಮಾಡಿದ ಕೆಲಸ ಆ ಹಾಳೆಗಳಲ್ಲಿ ದಿನಾಂಕಸಹಿತ ಇರುತ್ತದೆ. ವೃತ್ತಿಪರ ಆಟಗಾರನ ಬದುಕನ್ನು ದಾಖಲಿಸಲು ಪತ್ರಿಕೆಗಳೂ ಗ್ರಂಥಾಲಯಗಳೂ ಇವೆ. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಅಂಪೈರ್ ಸಂಭಾವನೆಗೆ ತಾನೇ ಹಣ ಕೊಟ್ಟು, ಆಟ ಮುಗಿದ ಮೇಲೆ ಮಣ್ಣನ್ನು ತಾನೇ ಹರಗಿ ಸಮಮಾಡಿ ಮನೆಗೆ ಹೋಗುವವನಿಗೆ ಇಂಥ ಪುಸ್ತಕವೊಂದೇ ಸಾಕ್ಷಿ, ಮತ್ತು ನಿಮ್ಮಂಥ ಜೊತೆಗಾರನ ನೆನಪು. ಈ ಕಾರಣಕ್ಕಾಗಿಯೇ ನಿಮ್ಮ ಬರಹ ನನಗೆ ಮುಖ್ಯವೆನಿಸಿದೆ.

ಕ್ರಿಕೆಟ್ ಬಲ್ಲ ಓದುಗರಿಗೆಂದು ನೀವು ಎರಡು ಪುಟಗಳಲ್ಲಿ ನಿಯಮಗಳನ್ನು ವಿವರಿಸಿದ್ದೀರಿ. ಅವನ್ನು ಪೂರ್ತಿ ತೆಗೆದುಹಾಕಿ, ಘಟನೆಗೆ ಬೇಕಾದಷ್ಟನ್ನು ಬೇಕಾದ ಕಡೆ ಹೇಳಿ. ಕ್ಯಾಚರ್ ಎಂದರೆ ವಿಕೆಟ್‌ಕೀಪರ್ ಎಂಬ ಮಾತು ಓದುಗನನ್ನು ತಪ್ಪು ದಾರಿಗೆ ಎಳೆಯುತ್ತದೆ. ಯಾವ ಎಸೆತ ಬರಬೇಕೆಂಬುದನ್ನು ಚೆಂಡು ಎಸೆಯುವ ಪಿಚರ್‌ಗೆ ಬೆರಳಿನ ಸನ್ನೆಯಿಂದ ಸೂಚಿಸುವವರು ಸಾಮಾನ್ಯವಾಗಿ ಕ್ಯಾಚರ್. ವೃತ್ತಿಪರರ ಮೇಜರ್ ಲೀಗಿಗೆ 2022ರಲ್ಲಿ ಇದಕ್ಕಾಗಿ ವಿದ್ಯುನ್ಮಾನ ಸಾಧನ ಬಂದಿದ್ದರೂ ನಿಮ್ಮ ಲೇಖನದ ಪ್ರಕಾರ ನಿಮ್ಮ ಗೆಳೆಯರು ಬೆರಳುಗಳಿಂದಲೇ ಸೂಚಿಸುತ್ತಿದ್ದರು. ಜೊತೆಯ ಎಂಟು ಮಂದಿಯೂ ಅವರ ಕಡೆಗೆ ಮುಖ ಮಾಡಿರುತ್ತಾರೆ, ಇಡೀ ಮೈದಾನ ಕಾಣುವುದು ಅವರೊಬ್ಬರಿಗೇ. ಹೊಸ ಹುಡುಗ ಪಿಚ್ ಮಾಡುವಾಗ ಅವರು ಎದ್ದು ಪಿಚರ್ ನಿಲ್ಲುವ ದಿಬ್ಬದವರೆಗೆ ನಡೆದುಹೋಗಿ ಮಾತಾಡಿ ಬರುತ್ತಿದ್ದರು ಎಂದು ಬರೆದಿದ್ದೀರಲ್ಲ, 60 ಅಡಿ 6 ಅಂಗುಲದ ಆ ನಡಿಗೆಯನ್ನು ನಿಧಾನವಾಗಿ ಬರೆಯಿರಿ. ಅಲ್ಲಿ ಆಡಿದ ಮಾತು ಆ ಹುಡುಗನಿಗೆ ನೆನಪಿರಬಹುದು, ಕೇಳಿ ತಿಳಿದುಕೊಳ್ಳಿ.

ಖ್ಯಾತ ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ 1939ರ ಜುಲೈ 4ರಂದು ಯಾಂಕಿ ಕ್ರೀಡಾಂಗಣದಲ್ಲಿ ಮಾಡಿದ ವಿದಾಯ ಭಾಷಣವನ್ನೂ, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ 1972ರ ಡಿಸೆಂಬರ್ 31ರಂದು ಅಪಘಾತಕ್ಕೀಡಾಗಿ ಮತ್ತೊಬ್ಬ ಖ್ಯಾತ ಆಟಗಾರ ರಾಬರ್ಟೊ ಕ್ಲೆಮೆಂಟೆ ತೀರಿಕೊಂಡದ್ದನ್ನೂ ನೀವು ಶ್ರದ್ಧೆಯಿಂದ ವಿವರಿಸಿದ್ದೀರಿ. ಎರಡೂ ಹೃದಯ ತಟ್ಟುವ ಸಂಗತಿಗಳು. ಆದರೆ ಅವರ ಪಕ್ಕದಲ್ಲಿ ನಿಲ್ಲಿಸಿದೊಡನೆ ನಿಮ್ಮ ಗೆಳೆಯ ಸಣ್ಣವರಾಗಿಬಿಡುತ್ತಾರೆ. ಅವರ ಹಿರಿಮೆಗೆ ಬೇರೆಯವರ ಆಸರೆ ಬೇಕಿಲ್ಲ. ಆ ಜಾಗವನ್ನು ಅರಿಜೋನಾ ಪ್ರವಾಸಕ್ಕೆ ಕೊಡಿ. ಮೆನ್ಸ್ ಸೀನಿಯರ್ ಬೇಸ್‌ಬಾಲ್ ಲೀಗಿನ ವಿಶ್ವ ಸರಣಿಗೆ ನೀವೆಲ್ಲ ಹೋಗಿ, ಮೇಜರ್ ಲೀಗ್ ತಂಡಗಳು ವಸಂತಕಾಲದಲ್ಲಿ ಅಭ್ಯಾಸ ನಡೆಸುವ ಫೀನಿಕ್ಸ್ ಸುತ್ತಲಿನ ಮೈದಾನಗಳಲ್ಲಿ ಆಡಿದಿರಿ ಎಂಬುದಷ್ಟೇ ಈಗ ಇದೆ. ಬಾಲ್ಯದಿಂದ ಟಿವಿಯಲ್ಲಿ ನೋಡಿದ್ದ ತಂಡದ ಮೈದಾನದಲ್ಲಿ ತಾವೂ ಕುಕ್ಕರಗಾಲಿನಲ್ಲಿ ಕುಳಿತ ದಿನ ಅವರು ಹೇಗಿದ್ದರು ಎಂಬುದನ್ನು ನೀವು ನೋಡಿದ್ದೀರಿ, ನಮಗೂ ತೋರಿಸಿ.

ಆಸ್ಪತ್ರೆಯ ಭಾಗದ ಬಗ್ಗೆ ನನ್ನ ಮಾತು ಕಟುವೆನಿಸಬಹುದು. ಕಾಯಿಲೆಯ ಹಂತಗಳು, ಔಷಧಗಳ ವಿವರ, ಪತ್ನಿ ಅತ್ತ ರೀತಿ, ಇವು ನಿಮ್ಮ ಸ್ವತ್ತಲ್ಲ. ನೀವು ಅವರನ್ನು ಬಲ್ಲದ್ದು ಮೈದಾನದಲ್ಲಿ. ಅಲ್ಲಿ ಅವರ ಜಾಗಕ್ಕೆ ಮತ್ತೊಬ್ಬರು ಬಂದ ಮೊದಲ ಪಂದ್ಯದಲ್ಲಿ ನೀವು ಎಲ್ಲಿ ನಿಂತಿರಿ ಎಂಬುದನ್ನು ಬರೆದರೆ ಅಗಲಿಕೆಯ ನೋವು ತಾನಾಗಿ ಬರುತ್ತದೆ.

ಪರಿಷ್ಕರಿಸಿದ ಲೇಖನ 1,500 ಪದಗಳನ್ನು ಮೀರದಿರಲಿ. ಕುಟುಂಬದವರಿಗೆ ಓದಿ ಹೇಳಿ, ಅವರ ಲಿಖಿತ ಒಪ್ಪಿಗೆಯನ್ನು ಪಡೆದು ಜೊತೆಗೆ ಲಗತ್ತಿಸಿ. ತಂಡದ ಸಮೂಹಚಿತ್ರಕ್ಕಿಂತ, ಸ್ಕೋರ್ ಪುಸ್ತಕದ ಒಂದು ಪುಟದ ಸ್ಪಷ್ಟ ಛಾಯಾಚಿತ್ರ ಸಿಕ್ಕರೆ ಅದನ್ನು ಕಳುಹಿಸಿ. ಲೇಖನದೊಂದಿಗೆ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.

ವಿಶ್ವಾಸಪೂರ್ವಕ,
ಸಂಪಾದಕ