ಎರಡು ಗಂಟೆಯ ಅಲಾರಂ

ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರೇ ಓದಿ, "ಹಾಕಿ ಮೇಡಂ, ನನ್ನಂಥೋರು ಇನ್ನೂ ಎಷ್ಟು ಜನ ಇರ್ತಾರೋ" ಅಂದ ಮೇಲೆ ಇಲ್ಲಿ ಹಾಕುತ್ತಿದ್ದೇನೆ. ಅವರನ್ನು ಸುಮಾ ಅಂತ ಕರೆಯೋಣ. ವಯಸ್ಸು 46.

ಸುಮಾ ಬಂದಿದ್ದು ನಿದ್ದೆಗೆ. "ಒಂದು ಮಾತ್ರೆ ಬರೆದುಕೊಟ್ರೆ ಸಾಕು" ಅಂದರು. ಮಾತ್ರೆ ಬರೆಯುವುದು ಡಾಕ್ಟರ ಕೆಲಸ, ಆಪ್ತಸಲಹೆಗಾರರು ಬರೆಯುವ ಹಾಗಿಲ್ಲ ಅಂತ ಹೇಳಿದೆ. ಎದ್ದು ಹೋಗಿಬಿಡ್ತಾರೇನೋ ಅಂದುಕೊಂಡೆ. ಹೋಗಲಿಲ್ಲ. ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ ಅಂತ ಕೇಳಿದೆ. "ಎರಡಕ್ಕೆ. ಆಮೇಲೆ ನಾಲ್ಕಕ್ಕೆ. ಅಲಾರಂ ತೆಗೆದು ಮೂರು ತಿಂಗಳಾಯ್ತು. ಆದ್ರೂ ಎರಡಕ್ಕೇ."

ಅವರ ಅತ್ತೆಗೆ ಸ್ಟ್ರೋಕ್ ಆಗಿ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಐದು ವರ್ಷ ಹಾಸಿಗೆ. ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದ್ದರೂ ಬದಲಿಸಬೇಕು. ಹಗಲು ಒಬ್ಬ ಹೆಂಗಸು ಬರುತ್ತಿದ್ದರು. ರಾತ್ರಿ ಸುಮಾ. ಹತ್ತು, ಹನ್ನೆರಡು, ಎರಡು, ನಾಲ್ಕು. ಐದು ವರ್ಷದಲ್ಲಿ ಅತ್ತೆಯ ಬೆನ್ನಿನಲ್ಲಿ ಒಂದು ಹುಣ್ಣಾಗಿಲ್ಲ. ಈ ಮಾತನ್ನು ಅವರು ಹೇಳಿದ ರೀತಿ ನನಗಿನ್ನೂ ನೆನಪಿದೆ, ಹೆಮ್ಮೆಯೇ ಇರಲಿಲ್ಲ ಅದರಲ್ಲಿ.

ಅವತ್ತು ಹನ್ನೆರಡಕ್ಕೆ ಎದ್ದಿದ್ದಾರೆ. ಎರಡಕ್ಕೆ ಅಲಾರಂ ಹೊಡೆದಿದೆ, ಆಫ್ ಮಾಡಿ ಮಲಗಿಬಿಟ್ಟಿದ್ದಾರೆ. ನಾಲ್ಕಕ್ಕೆ ಎದ್ದು ಕೈ ಹಾಕಿದರೆ ಅತ್ತೆ ತಣ್ಣಗಾಗಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ನಿಮ್ಮದೇನೂ ತಪ್ಪಿಲ್ಲ ಸುಮಾ ಅವ್ರೇ" ಅಂದುಬಿಟ್ಟೆ. ಇಷ್ಟು ವರ್ಷ ಈ ಕೆಲಸ ಮಾಡಿದ್ದರೂ ಆ ಮಾತು ಬಾಯಿಗೆ ಬಂದುಬಿಡುತ್ತೆ. ಸುಮಾ "ಎಲ್ರೂ ಹಾಗೇ ಅಂತಾರೆ" ಅಂತ ಹೇಳಿ ಬ್ಯಾಗಿನ ಜಿಪ್ ಎಳೆದರು. ಆ ದಿನ ಮತ್ತೆ ಮಾತಾಡಲಿಲ್ಲ.

ಎರಡನೇ ಸಲ ನಾನು ಸುಮ್ಮನಿದ್ದೆ. ಮಾತು ತಾನಾಗಿ ಹೊರಗೆ ಬಂತು. ಅತ್ತೆ ಸಾಯುವ ಹದಿನೈದು ದಿನದ ಮುಂಚೆ ಸುಮಾ ದೇವರ ಮುಂದೆ ನಿಂತು "ಕರ್ಕೊಂಡುಬಿಡಪ್ಪಾ, ಸಾಕು" ಅಂತ ಬೇಡಿಕೊಂಡಿದ್ದರು. ಆ ಬೆಳಗಿನ ಜಾವ ಅತ್ತೆಯ ಕೈ ಮುಟ್ಟಿದಾಗ ಮನಸ್ಸಿಗೆ ಮೊದಲು ಬಂದಿದ್ದು ಅಳು ಅಲ್ಲ. "ಅಬ್ಬಾ" ಅನ್ನಿಸಿತು. ಅದಾದ ಮೇಲೆ ಹೆದರಿಕೆ. "ವಾಟ್ಸಾಪಲ್ಲಿ ಯಾರೋ ಕಳಿಸಿದ್ರು, ದುಃಖಕ್ಕೆ ಐದು ಹಂತ ಇರುತ್ತಂತೆ. ನಂಗೆ ಯಾವ ಹಂತನೂ ಬರ್ಲಿಲ್ಲ. ಸೀದಾ ಹಗುರ ಆಯ್ತು. ನಾನು ಮನುಷ್ಯಳೇ ಅಲ್ವಾ ಮೇಡಂ?"

ಈ ಐದು ಹಂತದ ಫಾರ್ವರ್ಡ್‌ನಿಂದ ಆಗಿರುವ ತೊಂದರೆ ಅಷ್ಟಿಷ್ಟಲ್ಲ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ ಅದನ್ನು ಹೇಳಿದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಮನೆಯವರು ಎಲ್ಲರೂ ಅದೇ ಮೆಟ್ಟಿಲು ಹತ್ತಬೇಕು ಅಂತೇನಿಲ್ಲ. ಸುಮಾಗೆ ನಾನು ಹೇಳಿದ್ದು ಇಷ್ಟು: ಐದು ವರ್ಷ ತಲೆ ಮೇಲೆ ಹೊತ್ತ ಮೂಟೆ ಇಳಿದರೆ ಕತ್ತು ಹಗುರಾಗುತ್ತೆ. ಮೂಟೆಯಲ್ಲಿದ್ದವರ ಮೇಲೆ ಪ್ರೀತಿ ಇರಲಿಲ್ಲ ಅಂತ ಅದರ ಅರ್ಥ ಅಲ್ಲ. "ಕರ್ಕೋ" ಅಂತ ಬೇಡಿದ ಬಾಯಲ್ಲೇ ಅವತ್ತು ಸಂಜೆ ಅತ್ತೆಗೆ ಏನೆಂದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ಇನ್ನೊಂದು ಚಮಚ ಕುಡೀರಿ ಅಂದಿರ್ತೀನಿ. ದಿನಾ ಅದೇ ತಾನೇ."

ಅವರು ಲೆಕ್ಕದ ಹೆಂಗಸು. ರಾತ್ರಿ ಏನೇನು ಆಯ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ತರಲು ಹೇಳಿದೆ. ಮುಂದಿನ ಸಲ ಒಂದು ಬಟ್ಟೆ ಚೀಲದ ತುಂಬ ತಂದರು. ಹನ್ನೊಂದು ನೋಟ್‌ಬುಕ್, ಇನ್ನೂರು ಪೇಜಿನವು. ಎಡಗಡೆ ಟೈಮು, ಅದರ ಮುಂದೆ 'ಎಡ' ಅಥವಾ 'ಬಲ', ಮಾತ್ರೆ, ಗಂಜಿ ಎಷ್ಟು, ಯೂರಿನ್ ಬ್ಯಾಗಿನಲ್ಲಿ ಎಷ್ಟು. ಕೆಲವು ಕಡೆ ಅಕ್ಷರ ಗೆರೆ ದಾಟಿ ಕೆಳಗೆ ಜಾರಿತ್ತು, ನಿದ್ದೆಗಣ್ಣಲ್ಲಿ ಬರೆದದ್ದು. ಕೊನೇ ಪುಸ್ತಕದಲ್ಲಿ ಸಾವಿನ ಹಿಂದಿನ ಐದಾರು ದಿನ ನೋಡಿದೆ. ಗಂಜಿ ಅರ್ಧ ಲೋಟ, ನಾಲ್ಕು ಚಮಚ, ಎರಡು ಚಮಚ, 'ಬೇಡ ಅಂತ ಬಾಯಿ ಮುಚ್ಚಿದರು'. ಯೂರಿನ್ ಕಮ್ಮಿ, ಬಣ್ಣ ಕಪ್ಪು. 'ಉಸಿರು ಮಧ್ಯೆ ಮಧ್ಯೆ ನಿಲ್ಲುತ್ತೆ.' 'ಕಾಲು ತಣ್ಣಗೆ, ಸಾಕ್ಸ್ ಹಾಕಿದೆ.'

ನನಗೆ ಅದೇನು ಅಂತ ಗೊತ್ತಾಯಿತು, ಆದರೆ ಅದನ್ನು ಹೇಳಬೇಕಾದವಳು ನಾನಲ್ಲ. ಅತ್ತೆಯನ್ನು ನೋಡುತ್ತಿದ್ದ ಡಾಕ್ಟರ ಹತ್ತಿರ ಅದೇ ಪುಸ್ತಕ ತಗೊಂಡು ಹೋಗಿ, ಎರಡು ಗಂಟೆಯ ಪ್ರಶ್ನೆಯನ್ನು ನೇರವಾಗಿ ಕೇಳಿ ಅಂದೆ. ಒಂದು ವಾರ ಬೇಕಾಯಿತು ಅವರಿಗೆ ಧೈರ್ಯ ಬರಲು. ಡಾಕ್ಟರು ಪೇಜು ಪೇಜೂ ಓದಿ ಹೇಳಿದರಂತೆ: ಇವೆಲ್ಲ ಕೊನೆಯ ದಿನಗಳ ಲಕ್ಷಣ. ಮಗ್ಗುಲು ಬದಲಿಸೋದು ಹುಣ್ಣಾಗದಿರಲಿ ಅಂತ. ಒಂದು ಸಲ ತಪ್ಪಿದ್ದಕ್ಕೆ ಜೀವ ಹೋಗಲ್ಲಮ್ಮ. ಅದೇ ಮಾತನ್ನು ನಾನು ಮೊದಲ ದಿನ ಹೇಳಿದ್ದೆ, ಏನೂ ಪ್ರಯೋಜನ ಆಗಿರಲಿಲ್ಲ. ಅವರ ಕೈಯಕ್ಷರವನ್ನೇ ಓದಿ ಒಬ್ಬರು ಹೇಳಬೇಕಿತ್ತು.

ಇನ್ನೊಂದು ಮುಳ್ಳು ಇತ್ತು. ಪುಣೆಯ ನಾದಿನಿ. ಹನ್ನೊಂದನೇ ದಿನದ ತಿಥಿಗೆ ಬಂದವರು ಎಡೆಗೆ ಕಜ್ಜಾಯ, ಚಕ್ಕುಲಿ, ಅಮ್ಮನಿಗೆ ಇಷ್ಟವಾದದ್ದೆಲ್ಲ ಮಾಡಿಸಿಟ್ಟರು. ಎರಡು ವರ್ಷದಿಂದ ಗಂಜಿ ಬಿಟ್ಟು ಬೇರೇನೂ ಇಳಿಯದ ಬಾಯಿ ಅದು, ಅಂತ ಸುಮಾಗೆ ಒಳಗೇ ಉರಿಯಿತು. ಊಟಕ್ಕೆ ಕೂತಾಗ ನಾದಿನಿ ಎಲ್ಲರೆದುರು, "ಕೊನೇ ಗಳಿಗೇಲಿ ಅಮ್ಮನ ಹತ್ರ ಯಾರೂ ಇರ್ಲಿಲ್ವಲ್ಲ ಅತ್ತಿಗೆ" ಅಂದರು. ಸುಮಾಗೆ ಆ ಮಾತಿಗಿಂತ ಜಾಸ್ತಿ ನೋವಾಗಿದ್ದು, ಪಕ್ಕದಲ್ಲಿದ್ದ ಗಂಡ ಸಾರು ಕಲಸುತ್ತಲೇ ಇದ್ದದ್ದು.

ಗಂಡನನ್ನು ಕರೆಸಿದೆ. ತುಂಬಾ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದರು: "ಅವಳು ಒಂದು ದಿನ ಏಳ್ಲಿಲ್ಲ. ನಾನು ಐದು ವರ್ಷ ಎದ್ದಿಲ್ಲ. ನಾನು ಏನಂತ ಬಾಯಿ ಬಿಡ್ಲಿ?" ಸುಮಾ ಅವರತ್ತ ತಿರುಗಿ ನೋಡಿದ್ದು ಆಗಲೇ. ಮನೆಯಲ್ಲಿ ಸೊಸೆಯೇ ನೋಡಿಕೊಳ್ಳಬೇಕು ಅಂತ ಯಾರೂ ಹೇಳಿರಲ್ಲ, ಹಾಗೇ ಆಗಿಹೋಗಿರುತ್ತೆ. ಆಮೇಲೆ ಮಗನಿಗೆ ದುಃಖದ ಜೊತೆ ನಾಚಿಕೆ. ನಾಚಿಕೆ ಇದ್ದವರು ಟಿವಿ ಮುಂದೆ ಕೂರುತ್ತಾರೆ, ಹೆಂಡತಿ ಅದನ್ನು ಕಲ್ಲುಮನಸ್ಸು ಅಂದುಕೊಳ್ಳುತ್ತಾಳೆ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ತಂಗಿಯ ಜೊತೆ ಮಾತಾಡುವುದು ಅಣ್ಣನ ಕೆಲಸ, ಸುಮಾ ಅವರದ್ದಲ್ಲ ಅಂದೆ. ಜಗಳ ಬೇಡ, ಎರಡು ಮಾತು ಸಾಕು: "ಅಮ್ಮನ್ನ ನೋಡ್ಕೊಂಡಿದ್ದು ನಿನ್ನ ಅತ್ತಿಗೆ. ನಾನೂ ನೀನೂ ಅಲ್ಲ." ಬಾಡಿಗೆಗೆ ತಂದ ಮಂಚ ಇನ್ನೂ ಆ ಕೋಣೆಯಲ್ಲೇ ಇತ್ತು, ತಿಂಗಳಾ ಬಾಡಿಗೆ ಹೋಗುತ್ತಿತ್ತು. ವಾಪಸ್ ಕಳಿಸುವುದು ಗಂಡನ ಪಾಲು, ಯಾವತ್ತು ಅನ್ನುವುದು ಸುಮಾ ಪಾಲು.

ನಿದ್ದೆಗೆ ಬರೋಣ. ಎರಡಕ್ಕೆ ಎಚ್ಚರ ಆದರೆ ಫೋನ್ ನೋಡಬೇಡಿ. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಹಾಲ್‌ನಲ್ಲಿ ಸಣ್ಣ ಬೆಳಕಲ್ಲಿ ಕೂತಿದ್ದು, ಕಣ್ಣು ಎಳೆದಾಗ ವಾಪಸ್ ಬನ್ನಿ. ರಾತ್ರಿ ಹೇಗೇ ಹೋದರೂ ಬೆಳಿಗ್ಗೆ ಏಳುವ ಟೈಮು ಒಂದೇ ಇರಲಿ. ಐದು ವರ್ಷದ ಅಭ್ಯಾಸ ಮೈಯಿಂದ ಬಿಡಲು ತಿಂಗಳುಗಳು ಹಿಡಿಯುತ್ತೆ. ಬಿಪಿ, ಶುಗರ್ ಯಾವಾಗ ನೋಡಿಸಿದ್ದು ಅಂತ ಕೇಳಿದೆ. "ಅತ್ತೇದಾ?" ಅಂದರು. ನಿಮ್ಮದು ಅಂದೆ. ಐದು ವರ್ಷದಿಂದ ನೋಡಿಸಿರಲಿಲ್ಲ.

ಅಳು ಬಂದರೆ ಅಳುವುದು, ಮಧ್ಯಾಹ್ನ ತಂಗಿ ಜೊತೆ ಸೀರೆ ಅಂಗಡಿಗೆ ಹೋಗಬೇಕು ಅನ್ನಿಸಿದರೆ ಹೋಗುವುದು. ಸ್ಟ್ರೋಬೆ ಮತ್ತು ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ್ದು ಸರಿಸುಮಾರು ಇದನ್ನೇ: ಸಾವು ಕಂಡವರ ಮನಸ್ಸು ಆ ನೋವಿಗೂ ಮುಂದಿನ ಬದುಕಿಗೂ ತೂಗುಯ್ಯಾಲೆಯ ಹಾಗೆ ಓಡಾಡುತ್ತೆ. ಸುಮಾಗೆ ಅಂಗಡಿಯಲ್ಲಿ ನಕ್ಕಿದ್ದಕ್ಕೂ ಪಾಪಪ್ರಜ್ಞೆ ಬಂದಿತ್ತು, ಅದಕ್ಕೆ ಹೇಳಿದೆ.

ಸಾಯಬೇಕು ಅನ್ನಿಸಿದೆಯಾ ಅಂತ ಮೊದಲ ವಾರವೇ ನೇರವಾಗಿ ಕೇಳಿದ್ದೆ. ಕೇಳಿದರೆ ಅಂಥ ಯೋಚನೆ ಹುಟ್ಟಿಬಿಡುತ್ತೆ ಅನ್ನುವುದು ಸುಳ್ಳು. ಅವರಿಗೆ ಹಾಗೆ ಅನ್ನಿಸಿರಲಿಲ್ಲ. ಯಾರಿಗಾದರೂ ಅನ್ನಿಸಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮೂರು ತಿಂಗಳಿಗೆ ದುಃಖ ಹೋಗಿಲ್ಲ ಅಂದರೆ ಅದು ಕಾಯಿಲೆಯಲ್ಲ. ಆರು ತಿಂಗಳು ದಾಟಿದ ಮೇಲೂ ದಿನದ ಕೆಲಸವೇ ಸಾಗದಷ್ಟು ಕೊರಗು ಇದ್ದರೆ ಆಗ ಮನೋವೈದ್ಯರನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯೂ ಆ ಆರು ತಿಂಗಳನ್ನೇ ಇಟ್ಟುಕೊಂಡಿದೆ.

ಆರು ಸಲ ಭೇಟಿಯಾದೆವು. ಮಂಚ ಹೋಗಿದೆ. ಎಚ್ಚರ ಈಗಲೂ ಎರಡಕ್ಕೇ ಆಗುತ್ತಂತೆ, ಆದರೆ ತಿರುಗಿ ಮಲಗಿದರೆ ನಿದ್ದೆ ಬರುತ್ತಂತೆ. ಬಿಪಿ ಜಾಸ್ತಿ ಇತ್ತು, ಮಾತ್ರೆ ಶುರುವಾಗಿದೆ. ಅಣ್ಣ ತಂಗಿಗೆ ಫೋನ್ ಮಾಡಿದರು. ಆ ಕಡೆಯಿಂದ ಮಾತೇ ಬರಲಿಲ್ಲವಂತೆ, ಆಮೇಲೆ ಕಟ್ ಆಯಿತಂತೆ. ನಾದಿನಿ ಪಿತೃಪಕ್ಷಕ್ಕೆ ಬರುತ್ತಾರೆ. ಅದಕ್ಕೆ ಮುಂಚೆ ಒಂದು ಸಲ ಬಂದು ಹೋಗ್ತೀನಿ ಅಂತ ಸುಮಾ ಹೇಳಿದ್ದಾರೆ. ಎಡೆಗೆ ಈ ಸಲ ಒಂದು ಲೋಟ ಗಂಜಿನೂ ಇಡಬಹುದಾ ಅಂತ ಕೇಳಿದರು. ನನ್ನನ್ನಲ್ಲ, ಗಂಡನನ್ನು.