ಗಡ್ಡೆ ಒಳಗೇ ಇಟ್ಕೊಂಡು ಎರಡು ತಿಂಗಳು ಕಾಯೋದಾ?

ಪ್ರಶ್ನೆ: ನಮಸ್ಕಾರ್ರೀ ಡಾಕ್ಟ್ರೇ. ನಮ್ಮಪ್ಪಗ 56 ವರ್ಷ, ಕಾರಟಗಿ ಹತ್ರ ಗದ್ದಿ ಮಾಡ್ತಾನ್ರಿ. ಆರು ತಿಂಗ್ಳಿಂದ ಸಂಡಾಸದಾಗ ರಕ್ತ ಬೀಳ್ತಿತ್ತು, ಮೂಲವ್ಯಾಧಿ ಅಂತ ನಾಟಿ ಔಷಧ ಕುಡಿಸಿದ್ವಿ, ಈಗ ನೋಡಿದ್ರ ಗುದನಾಳದ ಕ್ಯಾನ್ಸರ್, ಮೂರನೇ ಸ್ಟೇಜ್. ಮೊದ್ಲ 28 ಸಲ ಕರೆಂಟು (ರೇಡಿಯೇಶನ್), ಜೊತಿಗೆ ಗುಳಿಗಿ, ಆಮ್ಯಾಲ ಎರಡು ತಿಂಗ್ಳು ಬಿಟ್ಟು ಆಪರೇಷನ್ ಅಂದಾರ. ಮೊದ್ಲ ಕತ್ತರಿಸಿ ಒಗಸ್ರಿ ಅಂತಾರ ಮಂದಿ. ಹೊಟ್ಟಿಗೆ ಚೀಲ ಹಾಕ್ತಾರಂತ ಕೇಳಿ ಅಪ್ಪ ಊಟಾನ ಬಿಟ್ಟಾನ. ಏನ್ ಮಾಡೋದ್ರಿ?
– ಗಂಗಾವತಿ ಕಡೆಯ ಓದುಗ

ಉತ್ತರ: ತಮ್ಮಾ, ಮಂದಿ ಮಾತು ಬಿಡು. ಗುದನಾಳ ಇರೋದು ಸೊಂಟದ ಎಲುಬಿನ ಸಂದಿಯಲ್ಲಿ, ಭಾಳ ಇಕ್ಕಟ್ಟು, ಮುಂದೆ ಮೂತ್ರಕೋಶ, ಹಿಂದೆ ಬೆನ್ನೆಲುಬಿನ ತುದಿ, ಅಲ್ಲಿಂದ ಗಡ್ಡೆನ ಸುತ್ತಲಿನ ಕೊಬ್ಬಿನ ಸಮೇತ ಇಡಿಯಾಗಿ ತೆಗೀಬೇಕು, ಅಂಚಲ್ಲಿ ಚೂರು ಉಳಿದ್ರೆ ಅಲ್ಲೇ ಮತ್ತೆ ಹುಟ್ಟುತ್ತೆ. ಅದಕ್ಕೇ ಮೊದಲು ಕುಗ್ಗಿಸೋದು. 2004ರಲ್ಲಿ ಬಂದ ಜರ್ಮನಿಯ ಅಧ್ಯಯನದಲ್ಲಿ ಕರೆಂಟು, ಕೀಮೋ ಆಪರೇಷನ್‌ಗೆ ಮೊದಲೇ ತಗೊಂಡವರಲ್ಲಿ ಐದು ವರ್ಷದೊಳಗೆ ಅದೇ ಜಾಗದಲ್ಲಿ ಮರುಕಳಿಸಿದ್ದು ನೂರಕ್ಕೆ 6 ಜನಕ್ಕೆ, ಆಮೇಲೆ ತಗೊಂಡವರಲ್ಲಿ 13.

ಗುಳಿಗೆ ಬಹುಶಃ ಕೆಪೆಸಿಟಾಬಿನ್ ಇರಬೇಕು, ಅದೂ ಕೀಮೋನೇ, ಗಡ್ಡೆಗೆ ಕರೆಂಟು ಚೆನ್ನಾಗಿ ನಾಟೋ ಹಾಗೆ ಮಾಡುತ್ತೆ. ಬೆಳಿಗ್ಗೆ, ಸಂಜೆ ಊಟ ಆಗಿ ಅರ್ಧ ಗಂಟೆಯೊಳಗೆ ನುಂಗಬೇಕು. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಸುಲಿದ್ರೆ, ಭೇದಿ ಜಾಸ್ತಿ ಆದ್ರೆ ಅವತ್ತೇ ಡಾಕ್ಟ್ರಿಗೆ ಹೇಳಿ, ಮುಚ್ಚಿಡಬೇಡಿ. ಇನ್ನು ಆ ಎರಡು ತಿಂಗಳು ಸುಮ್ನೆ ಕೂರೋದಲ್ಲ, ಕರೆಂಟು ನಿಂತ ಮೇಲೂ ಗಡ್ಡೆ ವಾರಗಟ್ಟಲೆ ಕುಗ್ತಾನೇ ಇರುತ್ತೆ, ಸುತ್ತಲಿನ ಬಾವೂ ಇಳಿಯುತ್ತೆ. ಕೆಲವರಿಗೆ ಆಪರೇಷನ್‌ಗೂ ಮೊದಲೇ ಪೂರ್ತಿ ಕೀಮೋ ಕೊಡೋದೂ ಈಗ ಉಂಟು.

ನನ್ನ ಭಯ ಬೇರೆ. ಎರಡು ಮೂರು ವಾರಕ್ಕೆ ರಕ್ತ ನಿಲ್ಲುತ್ತೆ, ಊಟ ಸೇರುತ್ತೆ, ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ರು, ನಾಟಿ ಮುಗಿಸಿ ಬರ್ತೀವಿ ಅಂತ ಹೋದೋರು ವರ್ಷದ ಮೇಲೆ ಬಂದು ನನ್ನೆದುರು ಕೂತಿದ್ದಾರೆ, ಆಗ ನಾನು ಏನು ಹೇಳ್ಲಿ? ಗಡ್ಡೆ ಪೂರ್ತಿ ಕರಗಿ ಆಪರೇಷನ್ ಇಲ್ದೆ ನಿಗಾ ಇಡೋ ಪದ್ಧತಿನೂ ಇದೆ, ಆದ್ರೆ ಅದನ್ನ ಎಂಆರ್‌ಐ, ಸ್ಕೋಪಿ (ಕ್ಯಾಮೆರಾ ನಳಿಕೆ ಒಳಗೆ ಬಿಟ್ಟು ನೋಡೋದು) ನೋಡಿ ಡಾಕ್ಟ್ರು ಹೇಳ್ಬೇಕು, ಆರಾಮ ಅನಿಸ್ತು ಅಂತ ನಾವಲ್ಲ. ಕರೆಂಟು ಸೋಮವಾರದಿಂದ ಶುಕ್ರವಾರ ದಿನಾ ಇರುತ್ತೆ, ಐದೂವರೆ ವಾರ, ಹಾಗಾಗಿ ಆಸ್ಪತ್ರೆ ಹತ್ರ ರೂಮ್ ನೋಡ್ಕೊಳ್ಳಿ. ಬೆಂಗಳೂರಿಗೆ ರೈಲಲ್ಲಿ ಹೋಗೋದಾದ್ರೆ ಆಸ್ಪತ್ರೆಯಲ್ಲಿ ಕನ್ಸೆಶನ್ ಫಾರಂ ಬರೆಸ್ಕೊಳ್ಳಿ, ಕ್ಯಾನ್ಸರ್ ರೋಗಿಗೆ ಸ್ಲೀಪರ್ ಫ್ರೀ.

ಮಲ ಬೀಳೋಕೆ ಹೊಟ್ಟೆ ಮೇಲೆ ಹಾಕೋ ಚೀಲದ ವಿಷಯ: ಗಡ್ಡೆ ಗುದದ್ವಾರದಿಂದ ಸಾಕಷ್ಟು ಮೇಲಿದ್ರೆ ಕರುಳು ಜೋಡಿಸ್ತಾರೆ, ಜೋಡಣೆ ಮಾಯೋ ತನಕ ಕೆಲವು ತಿಂಗಳು ಚೀಲ, ಆಮೇಲೆ ಮುಚ್ತಾರೆ. ತೀರಾ ಕೆಳಗಿದ್ರೆ ಕಾಯಂ. ಎಷ್ಟು ಸೆಂಟಿಮೀಟರ್ ಮೇಲಿದೆ ಅಂತ ಮೊದಲು ಕೇಳಿ. ಆಪರೇಷನ್‌ಗೆ ಮುಂಚೆ ಅಪ್ಪನ್ನ ಕೂರಿಸಿ, ನಿಲ್ಲಿಸಿ ಚೀಲ ಎಲ್ಲಿ ಕೂರಬೇಕು ಅಂತ ಹೊಟ್ಟೆ ಮೇಲೆ ಪೆನ್ನಲ್ಲಿ ಗುರುತು ಹಾಕ್ತಾರೆ, ಆಗ ಪಂಚೆ ಉಟ್ಕೊಂಡೇ ಹೋಗ್ಲಿ, ಪಂಚೆ ಗಂಟು ಎಲ್ಲಿ ಬರುತ್ತೆ ಅಂತ ತೋರಿಸ್ಲಿ.